ತೆಂಗಿನ ಕಪ್ಪುತಲೆ ಹುಳುವೂ ಅದರ ನಿವಾರಣೋಪಾಯವೂ

ತೆಂಗಿನ ಎಲೆಯನ್ನು ತಿನ್ನುವ ಕೀಟಗಳಲ್ಲಿ ಕಪ್ಪುತಲೆ ಹುಳುವು ಮುಖ್ಯವಾದುದು. ಕರಾವಳಿಯಲ್ಲಿಯೂ ತುಮಕೂರು, ಹಾಸನ, ಚಿತ್ರದುರ್ಗ ಮುಂತಾದ ಬಯಲುಸೀಮೆಯ ಜಿಲ್ಲೆಗಳಲ್ಲಿಯೂ ಇದರ ಉಪದ್ರವವುಂಟು. ಬೇಸಗೆಯಲ್ಲಿ ಇದು ಪ್ರಬಲಿಸುವುದು. 1864ರಲ್ಲಿ ವಾಕರನೆಂಬ ಶಾಸ್ತ್ರಜ್ಞನು ಇದಕ್ಕೆ ಓಪಿಸಿನಾ ಅರೆನೊಸೆಲ್ಲಾ ಎಂದು ಹೆಸರಿಟ್ಟನು.

ಇದರ ತಾಯಿಯು ಬೂದುಬಣ್ಣದ ಸಣ್ಣ ಪತಂಗ. ಇದು ಕೆಳಗಿನ ಹಳೆಯ ಗರಿಗಳ ಅಡಿಭಾಗದಲ್ಲಿ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುವುದು. ಸುಮಾರು 5 ದಿನಗಳಲ್ಲಿ ಮರಿಹುಳುಗಳು ಹೊರಟು, ನೂಲನ್ನೂ ತಮ್ಮ ಹಿಕ್ಕೆಯನ್ನೂ ಸೇರಿಸಿ ಕೊಳವೆಯಂಥ ಗೂಡನ್ನು ಕಟ್ಟಿ, ಅದರೊಳಗಿದ್ದುಕೊಂಡು ಎಲೆಯ ಹಸುರನ್ನು ಕೆರೆದು ತಿನ್ನುವುವು. ಸುಮಾರು 40 ದಿನಗಳಾದ ಮೇಲೆ ಅಲ್ಲಿಯೇ ಕೋಶವಾಗಿ, 12 ದಿನಗಳಲ್ಲಿ ಪತಂಗವಾಗುವುವು. ಹೀಗೆ ಎರಡು ತಿಂಗಳಿಗೊಂದು ಪೀಳಿಗೆ ಹುಟ್ಟುವುದು.

ಎಲೆಯೇ ಮರಕ್ಕೆ ಅಡಿಗೆಯ ಮನೆ. ಅದು ಒಣಗಿದರೆ ತೋಟವು ದೂರಕ್ಕೆ ಬೆಂಕಿ ತಗುಲಿದಂತೆ ತೋರುವುದು. ಹೊಂಬಾಳೆ ಅರಳಿ ಕಾಯಿ ಬಲಿಯಲು ಸುಮಾರು 12 ತಿಂಗಳು ಹಿಡಿಯುವುದರಿಂದ, ಈ ವರ್ಷದ ಅಲಕ್ಷ್ಯದ ಫಲವು ಬರುವ ವರ್ಷಗಳ ಫಸಲಿನಲ್ಲಿ ಕಾಣುವುದು.

ನಿವಾರಣೆಯ ಮೊದಲನೆಯ ಕ್ರಮವು ಪರೀಕ್ಷೆ. ಬೇಸಗೆ ಮೊದಲಾಗುವಾಗಲೇ ಕೆಳಗಿನ ಗರಿಗಳ ಅಡಿಯನ್ನು ನೋಡತಕ್ಕದ್ದು. ಗೂಡುಗಳು ಕಂಡರೆ, ಹೆಚ್ಚು ಕೆಟ್ಟ ಕೆಳಗಿನ ಎರಡು ಮೂರು ಗರಿಗಳನ್ನು ಕಡಿದು ಕೂಡಲೇ ಸುಡತಕ್ಕದ್ದು. ತೋಟದಲ್ಲಿ ರಾಶಿ ಹಾಕಿದರೆ ಪತಂಗಗಳು ಹೊರಟು ಮತ್ತೆ ಮರವನ್ನೇರುವುವು. ಮೇಲಿನ ಹಸುರು ಗರಿಗಳನ್ನು ಕಡಿಯಲಾಗದು.

ಎರಡನೆಯದು ಮಿತ್ರಕೀಟಗಳ ಸಹಾಯ. ಗೋನಿಯೋಜಸ್ ಎಂಬ ಕರಿಯ ಚಿಕ್ಕ ಕಣಜವು ಬೆಳೆದ ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಡುವುದು. ಅದರ ಮರಿಗಳು ಹುಳುವನ್ನೇ ಉಂಡು ಬೆಳೆಯುವುವು. ಪ್ರಯೋಗಾಲಯಗಳಲ್ಲಿ ಬೆಳೆಸಿದ ಈ ಕಣಜಗಳನ್ನು ಹುಳುಗಳು ಸ್ವಲ್ಪ ಬೆಳೆದಿರುವಾಗ ಮರವೊಂದಕ್ಕೆ ಸುಮಾರು 20ರಂತೆ ಹಲವು ಕಂತುಗಳಲ್ಲಿ ಬಿಡುವರು. ವಿಷೌಷಧವನ್ನು ಸಿಂಪಡಿಸಿದರೆ ಕಣಜಗಳೂ ಸಾಯುವುವು. ಆದಕಾರಣ ಸಿಂಪಡಿಸಿದಲ್ಲಿ ಮೂರು ವಾರಗಳು ಕಳೆದ ಮೇಲೆ ಮಾತ್ರ ಅವುಗಳನ್ನು ಬಿಡತಕ್ಕದ್ದು.

ಪತಂಗಕ್ಕೆ ಬೇಲಿಯೂ ಇಲ್ಲ, ಸರ್ವೆ ಕಲ್ಲೂ ಇಲ್ಲ. ಒಬ್ಬನು ಗರಿ ಸುಟ್ಟು ನೆರೆಯವನು ಸುಮ್ಮನಿದ್ದರೆ ಇಬ್ಬರ ತೋಟವೂ ಕೆಡುವುದು. ಪಾಳುಬಿದ್ದ ತೋಟಗಳಿಂದಲೂ, ಒಡೆಯರು ಪರಸ್ಥಳದಲ್ಲಿರುವ ತೋಟಗಳಿಂದಲೂ ಪೀಡೆಯು ಹಬ್ಬುವುದು. ಆದುದರಿಂದ ಗ್ರಾಮದ ಮುಖ್ಯಸ್ಥರು ತೋಟದ ಒಡೆಯರೆಲ್ಲರನ್ನೂ ಒಂದೆಡೆ ಸೇರಿಸಿ, ಒಂದು ವಾರವನ್ನು ಗೊತ್ತುಮಾಡಿ, ಊರಿನ ಸಮಸ್ತ ತೋಟಗಳಲ್ಲಿಯೂ ಏಕಕಾಲದಲ್ಲಿ ಈ ಕೆಲಸವನ್ನು ನಡೆಸುವುದು ಅತ್ಯವಶ್ಯಕ.