‘ಯಾಕವ್ವ, ಮಗ ಸೊರಗೋಗದೆ?’: ಕೂಸಿನ ಗಾತ್ರ ಮತ್ತು ಕಂಡವರ ಮಾತು

ಕಂಕುಳಲ್ಲಿ ಕೂಸಿರುವ ತಾಯಿಗೆ ಗುರುತು ಪರಿಚಯವಿಲ್ಲದವರು ಹೇಳುವ ಮಾತು ಹೆಚ್ಚಾಗಿ ಮೂರು ಬಗೆಯದು. ಮಗು ಸಣ್ಣ ಎಂಬುದು ಒಂದು, ದಪ್ಪ ಎಂಬುದು ಇನ್ನೊಂದು. ಪಕ್ಕದಲ್ಲಿರುವ ಬೇರೆ ಮಗುವಿಗೆ ಹೋಲಿಸುವುದು ಮೂರನೆಯದು. ಬಸ್ಸು, ಸಂತೆ, ಮದುವೆ ಛತ್ರ, ಆಸ್ಪತ್ರೆಯ ಸರದಿ ಸಾಲು, ದೇವಸ್ಥಾನ ಎಲ್ಲ ಕಡೆಯೂ ಇದು ನಡೆಯುತ್ತದೆ. ಹೇಳಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುತ್ತಾರೆ, ಕೇಳಿಸಿಕೊಂಡವಳಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಈ ಮೂರೂ ಬಗೆಯ ಮಾತು ಒಂದೇ ದಿನ ಕಿವಿಗೆ ಬೀಳಬಹುದು. ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ, ಹೊಳೆಯ ದಡದಲ್ಲಿರುವ ಆಂಜನೇಯ ಇಲ್ಲಿಯವರ ಬಾಯಲ್ಲಿ ಮುತ್ತತ್ತಿರಾಯ. ಮಂಡ್ಯ, ಮದ್ದೂರು, ಮಳವಳ್ಳಿ, ಕನಕಪುರ ಸೀಮೆಯ ಅನೇಕ ಕುಟುಂಬಗಳು ಈ ದೇವರಿಗೆ ನಡೆದುಕೊಳ್ಳುತ್ತವೆ. ನಟ ರಾಜ್‌ಕುಮಾರ್ ಅವರಿಗೆ ಹೆತ್ತವರು ಇಟ್ಟಿದ್ದ ಮುತ್ತುರಾಜ್ ಎಂಬ ಹೆಸರು ಈ ದೇವರದೇ ಎನ್ನುತ್ತಾರೆ. ಹರಕೆ ತೀರಿಸಲು, ಮುಡಿ ಕೊಡಿಸಲು ಎಳೆಯ ಮಕ್ಕಳನ್ನು ಕರೆತರುವ ಇಂಥ ಜಾಗದಲ್ಲಿ ಹತ್ತಾರು ಕೂಸುಗಳು ಒಂದೆಡೆ ಸೇರುತ್ತವೆ, ಅವನ್ನು ನೋಡುವ ನೂರಾರು ಕಣ್ಣುಗಳೂ ಸೇರುತ್ತವೆ. ‘ಯಾಕವ್ವ, ಮಗ ಸೊರಗೋಗದೆ? ಹಾಲು ಸಾಲ್ತಿಲ್ವ?’ ಎಂಬ ಪ್ರಶ್ನೆಗೆ ಅಲ್ಲಿ ಮುನ್ನುಡಿ ಬೇಕಿಲ್ಲ.

ಈ ಮಾತು ಎಲ್ಲಿಂದ ಬರುತ್ತದೆ

ಇಂಥ ಮಾತಿನ ಹಿಂದೆ ಕೆಡುಕಿನ ಉದ್ದೇಶ ಇರುವುದು ಕಡಿಮೆ. ಮೊದಲ ಕಾರಣ ಹಳೆಯ ಭಯ. 1971ರಲ್ಲಿ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ದೇಶದಲ್ಲಿ ಈ ಸಂಖ್ಯೆ 28ಕ್ಕೂ ಕರ್ನಾಟಕದಲ್ಲಿ 19ಕ್ಕೂ ಇಳಿದಿತ್ತು. ಈಗಿನ ಅಜ್ಜಿಯರು ಹೆತ್ತದ್ದು, ಅವರ ಅಕ್ಕತಂಗಿಯರು ಮಕ್ಕಳನ್ನು ಮಣ್ಣು ಮಾಡಿದ್ದು ಆ ಹಳೆಯ ಕಾಲದಲ್ಲಿ. ಮೈ ತುಂಬಿಕೊಂಡ ಮಗು ಜ್ವರ, ಭೇದಿ ಬಂದರೂ ತಡೆದುಕೊಳ್ಳುತ್ತದೆ, ಸಣಕಲು ಮಗು ಉಳಿಯುವುದಿಲ್ಲ ಎಂದು ಅವರು ಕಣ್ಣಾರೆ ಕಂಡು ನಂಬಿದ್ದಾರೆ.

ಎರಡನೆಯದು ದೃಷ್ಟಿಯ ನಂಬಿಕೆ. ದುಂಡಗಿರುವ ಮಗುವನ್ನು ಬಾಯ್ತುಂಬ ಹೊಗಳಿದರೆ ಕಣ್ಣು ಬೀಳುತ್ತದೆಂದು ಕೆನ್ನೆಗೆ, ಅಂಗಾಲಿಗೆ ಕಪ್ಪು ಬೊಟ್ಟಿಡುತ್ತಾರೆ, ಮನೆಗೆ ಬಂದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ. ಹೊಗಳುವ ಬಾಯಿಗೆ ಹೀಗೆ ಕಡಿವಾಣವಿದೆ. ಕೊರತೆ ಎತ್ತಿ ಹೇಳುವ ಬಾಯಿಗೆ ಅಂಥ ತಡೆ ಯಾವುದೂ ಇಲ್ಲ, ಅದು ಕಾಳಜಿಯ ಲೆಕ್ಕಕ್ಕೇ ಸೇರುತ್ತದೆ. ಮೂರನೆಯದು ಕ್ಯಾಲೆಂಡರಿನ ಬಾಲಕೃಷ್ಣನಿಂದ ಜಾಹೀರಾತಿನವರೆಗೆ ಎಲ್ಲ ಚಿತ್ರಗಳಲ್ಲೂ ಕಾಣುವ ಗುಂಡುಗುಂಡಾದ ಮಗು. ಅದನ್ನೇ ನೋಡಿ ನೋಡಿ ಕಣ್ಣಿಗೆ ಅದೇ ಅಳತೆಗೋಲಾಗಿದೆ.

ಕಣ್ಣಳತೆ ಏಕೆ ಸಾಲದು

ನೋಡುವವರ ಕಣ್ಣಿಗೆ ಸಿಗುವುದು ಮಗುವಿನ ಒಂದು ದಿನದ ಗಾತ್ರ. ಬೆಳವಣಿಗೆ ತಿಳಿಯಬೇಕಾದರೆ ಹಿಂದಿನ ತಿಂಗಳುಗಳ ಗಾತ್ರವೂ ಗೊತ್ತಿರಬೇಕು. ಆರೋಗ್ಯವಂತ ಮಕ್ಕಳ ತೂಕದ ಹರವು ಜನ ಅಂದುಕೊಂಡಿರುವುದಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಒಂದು ವರ್ಷದ ಗಂಡು ಮಗುವಿನ ಮಧ್ಯಮ ತೂಕ 9.6 ಕಿಲೋ. ಆದರೆ ಸುಮಾರು 7.7 ಕಿಲೋದಿಂದ 12 ಕಿಲೋವರೆಗೆ ಎಲ್ಲವೂ ಸಹಜ ಮಿತಿಯೊಳಗೇ ಬರುತ್ತದೆ. ಹೆಣ್ಣು ಮಗುವಿಗೆ ಈ ಹರವು ಸುಮಾರು 7ರಿಂದ 11.5 ಕಿಲೋ. ಒಂದೇ ಜಗುಲಿಯ ಮೇಲೆ ಕೂತ, ಒಂದೇ ವಾರದಲ್ಲಿ ಹುಟ್ಟಿದ ಎರಡು ಮಕ್ಕಳ ನಡುವೆ ನಾಲ್ಕು ಕಿಲೋ ವ್ಯತ್ಯಾಸವಿದ್ದೂ ಎರಡೂ ಚೆನ್ನಾಗಿರಬಹುದು.

ಈ ಮಾನದಂಡ 2006ರಲ್ಲಿ ಪ್ರಕಟವಾಯಿತು. ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಸುಮಾರು 8,500 ಮಕ್ಕಳನ್ನು 1997ರಿಂದ 2003ರವರೆಗೆ ಅಳೆದು ಇದನ್ನು ಸಿದ್ಧಪಡಿಸಲಾಯಿತು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು, ಶುಚಿತ್ವ, ಚಿಕಿತ್ಸೆ ಸರಿಯಾಗಿ ಸಿಕ್ಕಿದರೆ ಯಾವ ದೇಶದ ಮಕ್ಕಳಾದರೂ ಎಳವೆಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆ ಅಧ್ಯಯನದಲ್ಲಿ ಕಂಡುಬಂತು.

ಬೆಳವಣಿಗೆಯ ವೇಗವೂ ಎಲ್ಲ ತಿಂಗಳು ಒಂದೇ ಸಮ ಇರುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮಗು ತನ್ನ ತೂಕದ ನೂರರಲ್ಲಿ ಏಳರಿಂದ ಹತ್ತು ಭಾಗದಷ್ಟು ಕಳೆದುಕೊಳ್ಳುವುದುಂಟು. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ಮರಳಿ ಬರುತ್ತದೆ. ಐದಾರು ತಿಂಗಳಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುವುದು ವಾಡಿಕೆ. ಅಂಬೆಗಾಲಿಟ್ಟು ಓಡಾಡತೊಡಗಿದ ಮೇಲೆ ತೂಕ ಏರುವ ವೇಗ ತಗ್ಗುತ್ತದೆ. ‘ಮೊದ್ಲು ಗುಂಡಗಿತ್ತು, ಈಗ ಇಳಿದೋಗದೆ’ ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಈ ಹಂತದಲ್ಲೇ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಲೆಕ್ಕ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಎಂಟು ತಿಂಗಳಾದಾಗ ಅದನ್ನು ಆರು ತಿಂಗಳ ಮಗುವಿನ ಅಳತೆಯಲ್ಲಿ ನೋಡಬೇಕು. ಎರಡು ವರ್ಷದವರೆಗೂ ಹೀಗೆಯೇ. ಅಪ್ಪ ಅಮ್ಮನ ಮೈಕಟ್ಟು, ಅವಳಿ ಜವಳಿಯಾಗಿ ಹುಟ್ಟಿದ್ದು, ಇತ್ತೀಚೆಗೆ ಬಂದುಹೋದ ಜ್ವರ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ದಾರಿಯಲ್ಲಿ ಸಿಕ್ಕವರಿಗೆ ಇವು ಯಾವುವೂ ತಿಳಿದಿರುವುದಿಲ್ಲ.

ತಾಯಿ ಕಾರ್ಡಿನ ಗೆರೆ

ತಾಯಿಗೆ ಗಟ್ಟಿ ಆಧಾರ ಇರುವುದು ತಾಯಿ ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ. ಗಂಡು ಮಕ್ಕಳಿಗೊಂದು, ಹೆಣ್ಣು ಮಕ್ಕಳಿಗೊಂದು ಬೆಳವಣಿಗೆಯ ನಕ್ಷೆ ಅದರಲ್ಲಿರುತ್ತದೆ. ಪ್ರತಿ ತಿಂಗಳ ತೂಕಕ್ಕೆ ಒಂದು ಚುಕ್ಕೆ ಇಟ್ಟು, ಚುಕ್ಕೆಗಳನ್ನು ಸೇರಿಸಿದರೆ ಗೆರೆಯಾಗುತ್ತದೆ. ಸಹಜ ತೂಕ ತೋರಿಸುವ ಹಸಿರು ಪಟ್ಟಿಯೊಳಗೆ ಗೆರೆ ತನ್ನ ಹಾದಿ ಹಿಡಿದು ಮೇಲೇರುತ್ತಿದ್ದರೆ, ಪಟ್ಟಿಯ ಕೆಳಅಂಚಿನಲ್ಲಿದ್ದರೂ ಸಾಮಾನ್ಯವಾಗಿ ಆತಂಕವಿಲ್ಲ. ಗೆರೆ ಮಲಗಿದರೆ ಅಥವಾ ಕೆಳಗಿಳಿದರೆ ಮಗು ನೋಡಲು ದುಂಡಗಿದ್ದರೂ ತೋರಿಸಬೇಕು.

ಈ ತೂಕ ಹಾಕುವ ಕೆಲಸಕ್ಕೆ ಈ ಸೀಮೆಯಲ್ಲಿ ಹಳೆಯ ನಂಟಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಶುರುವಾದದ್ದು ಮಳವಳ್ಳಿಯ ಪಕ್ಕದ ತಿ. ನರಸೀಪುರದಲ್ಲಿ. ಈಗ ಅಂಗನವಾಡಿಯಲ್ಲಿ ತೂಕದ ಜೊತೆ ಉದ್ದವನ್ನೂ ಅಳೆಯುತ್ತಾರೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆಯೂ ಒಂದು ಸೂಚನೆ. ಅದು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಪರಿಗಣಿಸುತ್ತಾರೆ.

ಮಾತಿನಿಂದಾಗುವ ಕೆಡುಕು

ಗಾತ್ರದ ಮಾತು ಮನಸ್ಸು ನೋಯಿಸುವುದರ ಜೊತೆಗೆ ಮಗುವಿನ ಊಟವನ್ನೂ ಕೆಡಿಸುತ್ತದೆ. ‘ಹಾಲು ಸಾಲ್ತಿಲ್ವ?’ ಎಂದು ನಾಲ್ಕು ಸಲ ಕೇಳಿಸಿಕೊಂಡ ಬಾಣಂತಿ ಬಾಟಲಿ ಹಿಡಿಯುತ್ತಾಳೆ. ಬಾಟಲಿ ಕುಡಿದ ಮಗು ಮೊಲೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ತಗ್ಗಿದಂತೆ ಹಾಲು ಬತ್ತುತ್ತದೆ, ಕೊನೆಗೆ ಆ ಮಾತೇ ನಿಜವಾಗುತ್ತದೆ. ನೀರು ಬೆರೆಸಿದ ಹಸುವಿನ ಹಾಲಿನಲ್ಲಿ ಮಗುವಿಗೆ ಬೇಕಾದ ಶಕ್ತಿಯೂ ಇಲ್ಲ, ಕಬ್ಬಿಣದ ಅಂಶವೂ ಇಲ್ಲ. ಆರು ತಿಂಗಳಿಗೆ ಮುಂಚೆ ಕೊಟ್ಟ ರಾಗಿ ಸರಿ ಹೊಟ್ಟೆ ತುಂಬಿಸಿ ಎದೆಹಾಲನ್ನು ದೂರ ಮಾಡುತ್ತದೆ. ಅದೇ ಸರಿ ಆರು ತಿಂಗಳು ತುಂಬಿದ ಮೇಲೆ ಒಳ್ಳೆಯ ಆಹಾರ. ಇನ್ನು ಮಗು ದಪ್ಪ ಎಂದು ಯಾರೋ ಅಂದರೆಂದು ಎದೆಹಾಲು ಕಡಿಮೆ ಮಾಡುವುದೂ ತಪ್ಪೇ. ಹಸಿದಾಗಲೆಲ್ಲ ಕುಡಿಯುವ ಕೂಸಿಗೆ ಪಥ್ಯ ಬೇಕಿಲ್ಲ.

ಈ ಅಪಾಯ ಕಾನೂನಿಗೂ ಗೊತ್ತು. ಶಿಶು ಹಾಲಿನ ಬದಲಿ ಪದಾರ್ಥಗಳ ಬಗ್ಗೆ 1992ರಲ್ಲಿ ಬಂದ ಕಾಯ್ದೆ, ಅವುಗಳ ಡಬ್ಬಿಯ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರ ಹಾಕುವುದನ್ನೇ ನಿಷೇಧಿಸಿದೆ.

ಹಾಲು ಸಾಲುತ್ತಿದೆಯೇ ಎಂದು ಮನೆಯಲ್ಲೇ ತಿಳಿಯಲು ದಾರಿ ಇದೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಹಾಲು ಕುಡಿದು ಸಮಾಧಾನವಾಗಿ ಮಲಗುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಏನು ಉತ್ತರ ಕೊಡುವುದು

ಸುಮ್ಮನೆ ನಕ್ಕು ಮುಂದೆ ಹೋಗುವುದೂ ಒಂದು ಉತ್ತರವೇ. ಎಲ್ಲ ಪ್ರಶ್ನೆಗೂ ಜವಾಬು ಹೇಳುವ ಹೊಣೆ ತಾಯಿಯ ಮೇಲಿಲ್ಲ. ಹೇಳಲೇಬೇಕೆನಿಸಿದರೆ ಮಾತು ಚಿಕ್ಕದಾಗಿರುವುದು ಮೇಲು. ಕಾರಣ ವಿವರಿಸಲು ಹೊರಟರೆ ಒಂದೊಂದು ಕಾರಣಕ್ಕೂ ಒಂದೊಂದು ಮನೆಮದ್ದು ಬರುತ್ತದೆ.

ವಯಸ್ಸಾದವರಿಗೆ ‘ಅಂಗನವಾಡೀಲಿ ತೂಕ ಹಾಕ್ಸಿದ್ವಿ ಅಜ್ಜಿ, ಸರಿಯಾಗದಂತೆ. ನಿಮ್ಮ ಆಶೀರ್ವಾದ ಇರ್ಲಿ’ ಎಂದರೆ ಮರ್ಯಾದೆಯೂ ಉಳಿಯುತ್ತದೆ, ಮಾತೂ ಮುಗಿಯುತ್ತದೆ. ಹಿರಿಯರನ್ನು ಹರಸಲು ಕೇಳಿದ ಮೇಲೆ ಕೊರತೆ ಎತ್ತುವುದು ಅವರಿಗೂ ಕಷ್ಟ. ಓರಗೆಯವರು ಹೋಲಿಸಿದರೆ ‘ಒಂದೊಂದು ಮಗ ಒಂದೊಂದು ಥರ ಕಣಕ್ಕ’ ಎಂದು ಅವರ ಮಗುವಿನ ಕಡೆಗೆ ಮಾತು ಹೊರಳಿಸಬಹುದು. ಪಟ್ಟು ಹಿಡಿದು ಔಷಧಿ ಹೇಳುವವರಿಗೆ ‘ಡಾಕ್ಟರನ್ನ ಕೇಳಿ ಕೊಡ್ತೀವಿ’ ಎಂಬುದು ಸಾಕು. ಕೆನ್ನೆ ಹಿಂಡುವವರನ್ನು, ಮುತ್ತಿಡಲು ಬಾಗುವವರನ್ನು, ಎತ್ತಿಕೊಂಡು ತೂಕ ನೋಡುವವರನ್ನು ತಡೆಯಲು ಸಂಕೋಚ ಬೇಡ. ಎಳೆಗೂಸಿಗೆ ಸೋಂಕು ಬೇಗ ಹತ್ತುತ್ತದೆ. ಮಗುವನ್ನು ಎದೆಗೆ ಒತ್ತಿಕೊಂಡು ‘ಈಗ ನಿದ್ದೆ ಹೊತ್ತು’ ಎಂದರಾಯಿತು.

ಗಂಡ, ಅತ್ತೆ, ತವರಿನವರು ಜೊತೆಗಿದ್ದಾಗ ಉತ್ತರ ಅವರ ಬಾಯಿಂದ ಬಂದರೆ ತಾಯಿಯ ಹೊರೆ ಇಳಿಯುತ್ತದೆ. ಅದರಲ್ಲೂ ಅತ್ತೆ ‘ನಮ್ಮ ಮಗ ಚೆನ್ನಾಗದೆ’ ಎಂದುಬಿಟ್ಟರೆ ಅದರ ಮೇಲೆ ಮಾತಿಲ್ಲ. ಹಾಗಾಗಿ ತೂಕ ಹಾಕಿಸುವ ದಿನ ಮನೆಯವರನ್ನೂ ಕರೆದೊಯ್ದು ಗೆರೆ ತೋರಿಸುವುದು ಒಳ್ಳೆಯದು.

ಯಾವಾಗ ಕಿವಿಗೊಡಬೇಕು

ಎಲ್ಲ ಮಾತನ್ನೂ ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.9ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ, ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಕಂಡವರ ಮಾತಿನಿಂದ ಅನುಮಾನ ಹುಟ್ಟಿದರೆ ಮಗುವಿನ ಊಟ ಬದಲಿಸುವ ಮೊದಲು ತೂಕ ಹಾಕಿಸಬೇಕು.

ತೂಕದ ಗೆರೆ ಮಲಗಿದರೆ ಅಥವಾ ಕೆಳಗಿಳಿದರೆ, ಎರಡು ವಾರ ಕಳೆದರೂ ಹುಟ್ಟುತೂಕ ಮರಳದಿದ್ದರೆ, ಮಗು ಹಾಲು ಕುಡಿಯಲು ಎಚ್ಚರವಾಗದಷ್ಟು ಮಂಕಾಗಿದ್ದರೆ, ಉಚ್ಚೆ ಕಡಿಮೆಯಾದರೆ, ಮತ್ತೆ ಮತ್ತೆ ಭೇದಿ ವಾಂತಿಯಾಗುತ್ತಿದ್ದರೆ, ಎರಡೂ ಪಾದ ಊದಿಕೊಂಡರೆ ವೈದ್ಯರಲ್ಲಿಗೆ ಹೋಗಬೇಕು. ಮಂಕು, ಹಾಲು ಬಿಡುವುದು, ಉಚ್ಚೆ ನಿಲ್ಲುವುದು ಇದ್ದರೆ ಅದೇ ದಿನ ಹೋಗಬೇಕು. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುಮಾಡಬಹುದು. ತೀವ್ರ ಅಪೌಷ್ಟಿಕತೆ ಇರುವ ಮಕ್ಕಳನ್ನು ತಾಯಿಯೊಂದಿಗೆ ಇರಿಸಿಕೊಂಡು ಆರೈಕೆ ಮಾಡಲು ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

ತಾಯಿಯ ಮನಸ್ಸನ್ನೂ ಇದೇ ಎಚ್ಚರದಿಂದ ಗಮನಿಸಬೇಕು. ಕೇಳಿದ ಮಾತು ತಲೆಯಲ್ಲೇ ಸುತ್ತುತ್ತ ಎರಡು ವಾರ ಮೀರಿ ಅಳು, ನಿದ್ದೆಗೇಡು, ಮಗುವಿನ ಬಗ್ಗೆ ಬೇಸರ ಉಳಿದರೆ ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.