ಪಾದಕ್ಕೂ ಬೇಕು ಕನ್ನಡಿ

ಕಾಲಿಗೆ ಮುಳ್ಳು ಚುಚ್ಚಿದರೆ ಯಾರೇ ಆಗಲಿ ಒಡನೆ ಕಾಲೆತ್ತಿ ನೋಡುತ್ತಾರೆ. ಆದರೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವರು ಹಾಗೆಯೇ ನಡೆದುಬಿಡುತ್ತಾರೆ. ಅವರಿಗೆ ನೋವೇ ತಿಳಿಯುವುದಿಲ್ಲ. ರಕ್ತದಲ್ಲಿ ಹೆಚ್ಚಿದ ಸಕ್ಕರೆ ಪಾದದ ನರಗಳನ್ನು ಕ್ರಮೇಣ ಹಾಳುಮಾಡಿರುತ್ತದೆ. ರಕ್ತನಾಳಗಳೂ ಕಿರಿದಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಸಣ್ಣ ಬೊಕ್ಕೆಯೊಂದು ಹುಣ್ಣಾಗಿ, ಕೀವು ತುಂಬಿ, ಕೊನೆಗೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾದ ಪ್ರಸಂಗ ಬರುವುದುಂಟು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 2021ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ.

ನೋವೆಂಬ ಕಾವಲುಗಾರ

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರು. ನೋವು ತಿಳಿಯದ ಅಂಗಕ್ಕೆ ಪದೇ ಪದೇ ಆಗುವ ಪೆಟ್ಟೇ ಬಹಳಷ್ಟು ಹಾನಿಗೆ ಕಾರಣವೆಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದಲ್ಲಿ ಇದೇ ಪಾಠ ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು. ನೋವು ಕಾವಲು ಬಿಟ್ಟ ಮೇಲೆ ಆ ಕೆಲಸವನ್ನು ಕಣ್ಣು ವಹಿಸಿಕೊಳ್ಳಬೇಕು.

ದಿನಕ್ಕೆ ಐದು ನಿಮಿಷ

ಪ್ರತಿ ರಾತ್ರಿ ಅಂಗಾಲು, ಹಿಮ್ಮಡಿ, ಬೆರಳಸಂದಿಗಳನ್ನು ನೋಡಬೇಕು. ಬಾಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳಸಂದಿಯನ್ನು ಚೆನ್ನಾಗಿ ಒರೆಸಬೇಕು. ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಬಹುದು, ಬೆರಳಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಬೇಕು. ಕಾಲಾಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಚಪ್ಪಲಿಯನ್ನು ಕೊಡವಿ ಮೆಟ್ಟಬೇಕು. ಮನೆಯೊಳಗೂ ಬರಿಗಾಲು ಸಲ್ಲದು. ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವವರು ಬಿಸಿಲೇರುವ ಮುನ್ನವೇ ಹೋಗುವುದು ಲೇಸು. ಗಾಯ, ಊತ, ಬಣ್ಣದ ಬದಲಾವಣೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕಲಿಸುವುದೂ ಶುಶ್ರೂಷೆಯೇ

ಇಷ್ಟನ್ನೂ ರೋಗಿಗೆ ಮನದಟ್ಟು ಮಾಡಿಸುವ ಹೊಣೆ ಹೆಚ್ಚಾಗಿ ನರ್ಸ್‌ಗಳದು. ನರ್ಸಿಂಗ್ ಎಂದರೆ ಇಂಜೆಕ್ಷನ್ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಂದಷ್ಟೇ ತಿಳಿದಿರುವ ಪಾಲಕರಿದ್ದಾರೆ. ಆದರೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಮತ್ತು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಎರಡರಲ್ಲೂ ಆರೋಗ್ಯ ಶಿಕ್ಷಣ ಪಠ್ಯದ ಭಾಗ.

ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಕಿಲ್ಲ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ, ಅಂದರೆ ಮಾನೊಫಿಲಮೆಂಟ್, ಸಾಕು. ರೋಗಿ ಕಣ್ಣು ಮುಚ್ಚಿರುವಾಗ ಅಂಗಾಲಿಗೆ ಅದನ್ನು ಒತ್ತಲಾಗುತ್ತದೆ. ಒತ್ತಿದ್ದು ತಿಳಿಯದಿದ್ದರೆ ಅಪಾಯದ ಸೂಚನೆ.

ಪರೀಕ್ಷೆಗಿಂತ ಕಠಿಣವಾದದ್ದು ಕಲಿಸುವ ಕೆಲಸ. ಸೂಚನೆಗಳ ಚೀಟಿ ಕೈಗಿತ್ತರೆ ಓದು ಬಾರದವರಿಗೆ ಏನು ಪ್ರಯೋಜನ? ಜಾಣ ನರ್ಸ್ ರೋಗಿಯಿಂದಲೇ ಪಾದ ನೋಡಿಸಿ, ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸಿ ತಿದ್ದುತ್ತಾರೆ. ದೃಷ್ಟಿ ಮಂದವಾದ ಅಜ್ಜಿಯ ಜೊತೆಗೆ ಬಂದ ಮೊಮ್ಮಗಳಿಗೂ ಕಲಿಸುತ್ತಾರೆ.

ಮನೆಯಲ್ಲಿ ಮಧುಮೇಹಿ ಹಿರಿಯರಿದ್ದರೆ ಈ ಕೆಲಸಕ್ಕೆ ಶಾಲೆಯ ಮಕ್ಕಳೂ ಕೈಜೋಡಿಸಬಹುದು. ಹೋಮ್‌ವರ್ಕ್ ಮುಗಿದ ಮೇಲೆ ತಾತನ ಪಾದ ನೋಡಲು ಐದು ನಿಮಿಷ ಸಾಕು. ಒಂದು ಕಾಲು ಉಳಿಯುವುದು ಎಷ್ಟೋ ಸಲ ಅಷ್ಟರಿಂದಲೇ.