ಹೊಳೆಯ ನಡುವಣ ಹಳ್ಳಿ

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನತ್ತ ಹರಿಯುವುದು ಸಹಜ. ನಾರ್ವೆ ದೇಶದ ಪಶ್ಚಿಮ ತೀರದಲ್ಲಿ ವೇಗಾ ಎಂಬ ದ್ವೀಪಸಮೂಹವಿದೆ. ಅಲ್ಲಿಯ ಜನರು ತಲೆತಲಾಂತರದಿಂದ ಮೀನು ಹಿಡಿಯುತ್ತ, ತುಂಡು ನೆಲದಲ್ಲಿ ಬೇಸಾಯ ಮಾಡುತ್ತ, ಈಡರ್ ಎಂಬ ಕಡಲಬಾತುಗಳಿಗೆ ಗೂಡು ಕಟ್ಟಿಕೊಟ್ಟು ಅವುಗಳ ಮೃದುವಾದ ತುಪ್ಪಳನ್ನು ಸಂಗ್ರಹಿಸುತ್ತ ಬಾಳಿದರು. ಈ ಜೀವನಕ್ರಮವನ್ನು ಮನ್ನಿಸಿ ಯುನೆಸ್ಕೊ ಸಂಸ್ಥೆಯು ೨೦೦೪ರಲ್ಲಿ ವೇಗಾವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ದ್ವೀಪದ ಒಕ್ಕಲಿಗನನ್ನು ಕಾಣಲು ಅಷ್ಟು ದೂರ ಹೋಗಬೇಕಾದುದಿಲ್ಲ. ಸೇಡಂ ತಾಲ್ಲೂಕಿನ ಆಡಕಿಯಿಂದ ಹೊರಟವರು ಒಂದೇ ದಿನದಲ್ಲಿ ಅಂಥ ಹಳ್ಳಿಯ ಎದುರಿನ ದಡವನ್ನು ಮುಟ್ಟಬಹುದು. ಚಿಂಚೋಳಿ, ಸೇಡಂ, ಚಿತ್ತಾಪುರ ಸೀಮೆಗಳ ನೀರನ್ನು ಹೊತ್ತ ಕಾಗಿಣಾ ನದಿಯು ಶಹಾಬಾದಿನ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಆ ಸಂಗಮದ ಕೆಳಗೆ, ಕೃಷ್ಣೆಯ ನಡುವೆ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಹೆಸರಾದ ಕುರುವಪುರವಿದೆ. 'ಕುರುವ' ಎಂಬುದಕ್ಕೆ ಹಳಗನ್ನಡದಲ್ಲಿ ನಡುಗಡ್ಡೆ ಎಂದೇ ಅರ್ಥ. ಇನ್ನು ಕೃಷ್ಣೆಯ ಮೇಲುಹರಿವಿನಲ್ಲಿ, ಯಾದಗಿರಿ ಜಿಲ್ಲೆಯ ಕಕ್ಕೇರಾದ ಬಳಿ ಇರುವುದು ನೀಲಕಂಠರಾಯನಗಡ್ಡಿ. ಅದರ ಹೆಸರಿನಲ್ಲಿಯೂ ಗಡ್ಡೆಯಿದೆ.

ಹೊಳೆಯ ನಡುವೆ ನೆಲವೇಕೆ ಏಳುತ್ತದೆ? ವೇಗವಾಗಿ ಹರಿಯುವ ನೀರು ಮರಳು ಮಣ್ಣುಗಳನ್ನು ಹೊತ್ತೊಯ್ಯುತ್ತದೆ. ವೇಗ ತಗ್ಗಿದೊಡನೆ ಹೊರೆಯನ್ನು ಇಳಿಸಿಬಿಡುತ್ತದೆ. ಹೊಳೆಗೆ ಅಡ್ಡಲಾಗಿ ಬಂಡೆಗಳಿದ್ದಲ್ಲಿ ನೀರು ಎರಡಾಗಿ ಸೀಳುತ್ತದೆ; ಬಂಡೆಯ ಮರೆಯಲ್ಲಿ ಅದು ಮಂದವಾಗುತ್ತದೆ. ಅಲ್ಲಿ ಮೊದಲು ಮರಳು, ಬಳಿಕ ನವಿರಾದ ಮೆಕ್ಕಲು ಕೂಡುತ್ತದೆ. ಹುಲ್ಲು ಬೇರೂರಿ ಆ ಮಣ್ಣನ್ನು ಹಿಡಿದಿಡುತ್ತದೆ. ಹೀಗೆ ಪ್ರವಾಹವು ತಂದ ಮಣ್ಣಿನಲ್ಲಿಯೇ ಒಕ್ಕಲುತನ ಬೆಳೆಯಿತು. ಹೊಲವನ್ನು ಕೊಟ್ಟ ಹೊಳೆಯೇ ಮಳೆಗಾಲದಲ್ಲಿ ದಾರಿಯನ್ನು ಮುಚ್ಚಿತು.

ಈ ಮುಚ್ಚುವಿಕೆಗೆ ಊರಿನ ಮೇಲೆ ಮಳೆ ಬೀಳಬೇಕೆಂದಿಲ್ಲ. ಮಹಾಬಳೇಶ್ವರದ ಕಡೆ ಸುರಿದ ಮಳೆ ಆಲಮಟ್ಟಿಯನ್ನು ತುಂಬಿ, ನಾರಾಯಣಪುರದ ಅಣೆಕಟ್ಟನ್ನು ತಲುಪುತ್ತದೆ. ಅಲ್ಲಿ ಬಾಗಿಲುಗಳನ್ನು ತೆರೆದಾಗ ಶುಭ್ರವಾದ ಆಕಾಶದ ಕೆಳಗೂ ಹೊಳೆ ಏರುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲೀಟರು. ಪತ್ರಿಕೆಯಲ್ಲಿ ಲಕ್ಷ ಕ್ಯುಸೆಕ್ ಎಂದು ಓದುವಾಗ, ಪ್ರತಿ ಸೆಕೆಂಡಿಗೂ ೨,೮೦೦ ಟನ್ನಿಗಿಂತ ಹೆಚ್ಚು ನೀರು ಹಾಯುತ್ತಿದೆಯೆಂದು ತಿಳಿಯಬೇಕು.

೨೦೧೪ರ ಮಳೆಗಾಲದಲ್ಲಿ ಇಂಥ ಪ್ರವಾಹವಿದ್ದಾಗ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕೆಂದು ನಿಶ್ಚಯಿಸಿದಳು. ಒಣಗಿದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಬೆಂಬಲದಿಂದ ಹೊಳೆಯನ್ನು ಈಜಿ ದಡ ಸೇರಿದಳು. ಈ ಸುದ್ದಿ ದೇಶದ ಹೊರಗೂ ಹಬ್ಬಿತು. ಕೇಳಿದವರೆಲ್ಲ ಪವಾಡವೆಂದರು. ಆಕೆಯ ಧೈರ್ಯ ಅಸಾಮಾನ್ಯವೇ ಸರಿ. ಆದರೆ ಬುರುಡೆ ಮಾಡಿದ ಕೆಲಸದಲ್ಲಿ ಪವಾಡವೇನೂ ಇಲ್ಲ. ಅದು ಆರ್ಕಿಮಿಡೀಸನ ನಿಯಮ.

ಮುಳುಗಿದ ವಸ್ತುವು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಮೇಲ್ಮುಖವಾದ ಒತ್ತಡವನ್ನು ಪಡೆಯುತ್ತದೆ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಮೆ ನೀರಿನಷ್ಟೇ. ಆದುದರಿಂದ ನೀರೊಳಗಿನ ಮೈಯನ್ನು ನೀರೇ ಹೊರುತ್ತದೆ. ಉಸಿರಾಟಕ್ಕಾಗಿ ಮೇಲೆತ್ತಿದ ತಲೆಯ ಭಾರಕ್ಕೆ ಮಾತ್ರ ಆಧಾರ ಬೇಕು. ಅದು ೪-೫ ಕಿಲೋಗ್ರಾಂ ಆದೀತು. ೬ ಲೀಟರು ಗಾತ್ರದ, ಅರ್ಧ ಕಿಲೋಗ್ರಾಂ ತೂಕದ ಒಂದು ಸೋರೆಬುರುಡೆಯನ್ನು ಭಾವಿಸೋಣ. ಅದು ಪೂರ್ತಿ ಮುಳುಗಿದಾಗ ೬ ಕಿಲೋಗ್ರಾಂ ನೀರನ್ನು ಸರಿಸುತ್ತದೆ. ತನ್ನ ತೂಕವನ್ನು ಕಳೆದು ಐದೂವರೆ ಕಿಲೋಗ್ರಾಮನ್ನು ಎತ್ತಬಲ್ಲುದು. ಒಂದೇ ಬುರುಡೆ ತಲೆಯನ್ನು ಕಾದೀತು. ಹೆಚ್ಚಿನವು ದಣಿದ ತೋಳುಗಳಿಗೆ ವಿಶ್ರಾಂತಿ ಕೊಟ್ಟಾವು.

ಆದರೆ ಬುರುಡೆ ಗೆಲ್ಲುವುದು ಭಾರವನ್ನು ಮಾತ್ರ, ಸೆಳವನ್ನಲ್ಲ. ಹೊಳೆಯ ಅಗಲ ೫೦೦ ಮೀಟರು, ಈಜುಗಾರನ ವೇಗ ಸೆಕೆಂಡಿಗೆ ೧ ಮೀಟರು, ಸೆಳವಿನದು ೨ ಮೀಟರು ಎನ್ನೋಣ. ಎದುರು ದಡಕ್ಕೆ ನೇರವಾಗಿ ಈಜಿದರೂ ೫೦೦ ಸೆಕೆಂಡು ಬೇಕು. ಅಷ್ಟರಲ್ಲಿ ಹೊಳೆಯು ಅವನನ್ನು ೧,೦೦೦ ಮೀಟರು ಕೆಳಕ್ಕೆ ಒಯ್ದಿರುತ್ತದೆ. ತಲುಪಬೇಕಾದ ಜಾಗಕ್ಕಿಂತ ಬಹಳ ಮೇಲಿನಿಂದ ನೀರಿಗಿಳಿಯಬೇಕೆಂಬುದನ್ನು ಹೊಳೆಯ ಜನ ಅನುಭವದಿಂದಲೇ ಬಲ್ಲರು. ವಿದ್ಯಾರ್ಥಿಗಳು ಅದನ್ನು ವೇಗಗಳ ಸಂಕಲನವೆಂಬ ಪಾಠದಲ್ಲಿ ಓದುತ್ತಾರೆ. ಮತ್ತೊಂದು ಅಪಾಯವುಂಟು: ಸೆಳವಿನ ವೇಗ ಇಮ್ಮಡಿಯಾದರೆ, ನಿಂತವನ ಮೇಲೆ ಅದರ ತಳ್ಳುವಿಕೆ ನಾಲ್ಮಡಿಯಾಗುತ್ತದೆ.

ನಡುಗಡ್ಡೆಯವರ ಇನ್ನೊಂದು ಸಾಧನ ಹರಿಗೋಲು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನು ತುಂಗಭದ್ರೆಯ ಮೇಲೆ ತೊಗಲು ಹೊದಿಸಿದ ದುಂಡು ಬುಟ್ಟಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆಂದೂ ಸುತ್ತುತ್ತಲೇ ಸಾಗುತ್ತವೆಂದೂ ಬರೆದಿಟ್ಟನು. ದುಂಡಗಿರುವುದಕ್ಕೆ ಕಾರಣವುಂಟು. ಗೊತ್ತಾದ ಸುತ್ತಳತೆಯೊಳಗೆ ಅತ್ಯಂತ ಹೆಚ್ಚಿನ ಕ್ಷೇತ್ರವನ್ನು ಕೊಡುವ ಆಕೃತಿ ವೃತ್ತವೇ. ಎರಡೂವರೆ ಮೀಟರು ವ್ಯಾಸದ ಚಪ್ಪಟೆ ತಳದ ಹರಿಗೋಲಿಗೆ ಸುಮಾರು ೫ ಚದರ ಮೀಟರು ತಳವಿರುತ್ತದೆ. ೫೦೦ ಕಿಲೋಗ್ರಾಂ ಹೇರಿದರೂ ಅದು ಇನ್ನು ೧೦ ಸೆಂಟಿಮೀಟರು ಮಾತ್ರ ಇಳಿಯುತ್ತದೆ. ಆದುದರಿಂದಲೇ ಬಂಡೆಗಳ ಮೇಲಣ ತೆಳುನೀರಿನಲ್ಲಿಯೂ ಅದು ತೇಲಬಲ್ಲುದು. ಆದರೆ ಅದರ ಅಂಚು ತಗ್ಗು. ಕುಳಿತವರು ಗಾಬರಿಯಿಂದ ಒಂದೇ ಕಡೆಗೆ ಸರಿದರೆ ಗುರುತ್ವಕೇಂದ್ರವೂ ಅತ್ತ ಸರಿದು, ಅಂಚು ಮುಳುಗಿ, ನೀರು ಒಳನುಗ್ಗುತ್ತದೆ. ಅಂಬಿಗನು ಎಲ್ಲರನ್ನೂ ಅಲುಗದೆ ಕೂರಿಸುವುದು ಇದಕ್ಕಾಗಿಯೇ.

ವಾಚಕರು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಣಗಿದ ಬುರುಡೆಗೆ ನೀರು ತುಂಬಿದ ತೊಟ್ಟಿಯಲ್ಲಿ ಕಲ್ಲುಗಳನ್ನು ಕಟ್ಟುತ್ತ ಹೋಗಿ. ಎಷ್ಟಕ್ಕೆ ಅದು ಮುಳುಗುವುದೆಂದು ನೋಡಿ. ಕಲ್ಲು ಕೂಡ ನೀರಿನಲ್ಲಿ ತೂಕವನ್ನು ಕಳೆದುಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ. ಹೊಳೆಯಲ್ಲಿ ಮಾತ್ರ ಈ ಪರೀಕ್ಷೆ ಸಲ್ಲದು.

ಬುರುಡೆಯೂ ಹರಿಗೋಲೂ ಹಿರಿಯರು ಕೃಷ್ಣೆಯಿಂದಲೇ ಕಲಿತ ವಿದ್ಯೆ. ಅದನ್ನು ಬರೆದಿಡುವುದೂ ಗೌರವಿಸುವುದೂ ನಮ್ಮ ಕರ್ತವ್ಯ. ಆದರೆ ಹೆರಿಗೆಯ ದಿನ ಎಣಿಸುತ್ತಿರುವ ತಾಯಿಯು ಆ ವಿದ್ಯೆಯನ್ನೇ ನೆಚ್ಚಿ ನೀರಿಗಿಳಿಯಬೇಕಾಗಿ ಬರುವುದು ಪರಂಪರೆಯಲ್ಲ, ಕೊರತೆ. ಎಷ್ಟು ಭಾರ ತೇಲೀತೆಂಬುದನ್ನು ಲೆಕ್ಕಹಾಕಬಲ್ಲ ಜಾಣ್ಮೆಯೇ ಎಷ್ಟು ಎತ್ತರದ ಸೇತುವೆ ಬೇಕೆಂಬುದನ್ನೂ ಲೆಕ್ಕಹಾಕಬಲ್ಲುದು. ಇಂದು ಆ ಲೆಕ್ಕವನ್ನು ಓದುತ್ತಿರುವವರಲ್ಲಿಯೇ ನಾಳಿನ ಶಿಲ್ಪಿಗಳಿದ್ದಾರೆ.